ನಲವತ್ತು ಸಲ ಎತ್ತಿದ ಕೈ

ಎಣಿಸುವುದು ನನ್ನ ಕೆಲಸವಾಗಿತ್ತು. ಬೆಳಿಗ್ಗೆ ಆರೂವರೆಗೆ ಮಾವ ಮುಂದಿನ ಕೋಣೆಯ ಕಿಟಕಿಯ ಪಕ್ಕ ನಿಲ್ಲುತ್ತಿದ್ದರು. ಕಿಟಕಿಯ ಸರಳಿಗೆ ಕಟ್ಟಿದ ಹಸಿರು ರಬ್ಬರ್ ಪಟ್ಟಿಯ ತುದಿಯನ್ನು ಬಲಗೈಗೆ ಸುತ್ತಿಕೊಳ್ಳುತ್ತಿದ್ದರು. ನಾನು ಊಟದ ಮೇಜಿನ ಈಚೆ ಕಡೆ, ಎದುರಿನ ಗೋಡೆಗೆ ಒರಗಿ ನಿಂತು ‘ಒಂದು’ ಎನ್ನುತ್ತಿದ್ದೆ. ಅವರು ಕೈಯನ್ನು ಪಕ್ಕಕ್ಕೆ ಎತ್ತುತ್ತಿದ್ದರು. ಅವರ ಬಲಗಡೆಯ ಗೋಡೆಯ ಮೇಲೆ, ಭುಜದ ಎತ್ತರಕ್ಕೆ, ಪೆನ್ಸಿಲಿನ ಗೆರೆಯಿತ್ತು. ಬೆರಳು ಗೆರೆ ಮುಟ್ಟಿದರೆ ಒಂದು. ಮುಟ್ಟದಿದ್ದರೆ ಇಲ್ಲ.

ಗೆರೆ ಎಳೆದವನು ನನ್ನ ಗಂಡ. ಎಣಿಕೆ ಶುರು ಮಾಡಿದವನೂ ಅವನೇ. ಅವನು ಸತ್ತಾಗ ಎಣಿಕೆ ಹನ್ನೆರಡರಲ್ಲಿತ್ತು.

ಮಾವ ಕ್ಷೌರದ ಕೆಲಸದವರು. ನಲವತ್ತೊಂದು ವರ್ಷ ಒಂದೇ ಅಂಗಡಿ, ಒಂದೇ ಕುರ್ಚಿ. ಅಂಗಡಿಯಲ್ಲಿ ಕುರ್ಚಿಗಳು ಎರಡು. ಬಾಗಿಲ ಪಕ್ಕದ, ಬೀದಿಯ ಬೆಳಕು ನೇರ ಬೀಳುವ ಮೊದಲ ಕುರ್ಚಿ ಮಾವನದು. ಒಳಗಿನದು ಅವರ ತಮ್ಮನದು, ನಮ್ಮ ಚಿಕ್ಕಮಾವನದು. ಮೊದಲ ಕುರ್ಚಿಯ ಹಿಂದೆ ಬೇರೆ ಯಾರೂ ಕತ್ತರಿ ಹಿಡಿದು ನಿಂತದ್ದನ್ನು ಆ ಬೀದಿ ಕಂಡಿರಲಿಲ್ಲ.

ಹೋದ ವರ್ಷ ಮಾವನ ನಾಲಿಗೆಯ ಬಲ ಅಂಚಿನಲ್ಲಿ ಹುಣ್ಣಾಯಿತು. ಮಾಯಲಿಲ್ಲ. ಕ್ಯಾನ್ಸರ್ ಎಂದರು. ನಾಲಿಗೆಯ ಒಂದು ಚೂರು ತೆಗೆದರು. ಕುತ್ತಿಗೆಯ ಬಲಭಾಗವನ್ನು ಕಿವಿಯ ಬುಡದಿಂದ ಕೊರಳಿನವರೆಗೆ ತೆರೆದು ಗಂಟುಗಳನ್ನು ತೆಗೆದರು. ರೋಗ ಹೋಯಿತು. ಅದರ ಜೊತೆಗೆ ಭುಜಕ್ಕೆ ಹೋಗುವ ಒಂದು ನರವೂ ಹೋಯಿತು. ಬಲಭುಜ ಜೋತುಬಿತ್ತು. ಇಸ್ತ್ರಿ ಮಾಡಿದ ಅಂಗಿ ಹಾಕಿದರೂ ಒಂದು ಕಡೆ ಜಾರಿದ ಹಾಗೆಯೇ ಕಾಣುತ್ತಿತ್ತು. ನೋವು ಉಳಿಯಿತು.

ಹೇಗಿರುತ್ತದೆ ನೋವು ಎಂದು ಒಮ್ಮೆ ಕೇಳಿದ್ದೆ.

“ಮೊಂಡು ಬ್ಲೇಡಲ್ಲಿ ಒಣಗಡ್ಡ ಕೆರೆದ ಹಾಗೆ. ಆದ್ರೆ ಒಳಗಡೆ,” ಎಂದರು. ನಾಲಿಗೆ ಚಿಕ್ಕದಾದ ಮೇಲೆ ಅವರ ಮಾತು ಸ್ವಲ್ಪ ದಪ್ಪ. “ಎದ್ದು ಹೋಗೋಣ ಅಂದ್ರೆ ಗಿರಾಕಿನೂ ನಾನೇ.”

ನೋಡಲು ಬಂದವರೆಲ್ಲ ಒಂದೇ ಮಾತು ಹೇಳಿದರು. ಜೀವ ಉಳೀತಲ್ಲ, ಭುಜ ಏನು ಮಹಾ. ಮಾವ ತಲೆಯಾಡಿಸುತ್ತಿದ್ದರು. ಅವರೆಲ್ಲ ಚಪ್ಪಲಿ ಮೆಟ್ಟಿ ಹೊರಟ ಮೇಲೆ, “ಕತ್ತು ಕೊಯ್ಸಿಕೊಂಡು ಬದುಕಿದೀನಿ. ಕೈಯೂ ಬೇಕು ಅಂದ್ರೆ ಆಸೆಬುರುಕ ಅಂತಾರೆ,” ಎನ್ನುತ್ತಿದ್ದರು.

ಆದರೆ ಅವರಿಗೆ ಕೈ ಬೇಕಿತ್ತು. ಆಸ್ಪತ್ರೆಯಿಂದ ಬಂದ ವಾರವೇ ಚಿಕ್ಕಮಾವ ಮನೆಗೆ ಬಂದು, ಕೂರದೆ, ನಿಂತೇ ಹೇಳಿದ್ದರು. “ಅಣ್ಣ, ಒಂದು ವರ್ಷ ನಿನ್ನ ಕುರ್ಚಿ ಖಾಲಿ ಇಡ್ತೀನಿ. ಅಷ್ಟರಲ್ಲಿ ಬಂದು ಒಂದು ತಲೆ ಪೂರ್ತಿ ಮಾಡಿ ತೋರ್ಸು, ಸಾಕು. ಆಗ್ಲಿಲ್ಲ ಅಂದ್ರೆ ಇನ್ನೊಬ್ಬನ್ನ ನಿಲ್ಲಿಸ್ಬೇಕಾಗುತ್ತೆ. ಒಬ್ಬನ ಕೈಲಿ ಆಗಲ್ಲ ಕಣೋ.” ಚಿಕ್ಕಮಾವ ಕೆಟ್ಟವರಲ್ಲ. ಖಾಲಿ ಕುರ್ಚಿ ನೋಡಿದ ಗಿರಾಕಿ ಒಳಗೆ ಬರುವುದಿಲ್ಲ, ಅಷ್ಟೆ.

ಒಂದು ತಲೆ. ಇಪ್ಪತ್ತೈದು ನಿಮಿಷ ಬಲಗೈ ಎದೆಗಿಂತ ಮೇಲೆ ನಿಲ್ಲಬೇಕು.

ನನ್ನ ಗಂಡ ಪ್ರತಿ ಸೋಮವಾರ ಅಪ್ಪನನ್ನು ಆಸ್ಪತ್ರೆಯ ವ್ಯಾಯಾಮದ ಕೋಣೆಗೆ ಕರೆದುಕೊಂಡು ಹೋಗುತ್ತಿದ್ದ. ಅಲ್ಲಿಯ ಫಿಸಿಯೋ ಮೊದಲು ಹಳದಿ ಪಟ್ಟಿ ಕೊಟ್ಟರು. ಆಮೇಲೆ ಹಸಿರು, ಅದು ಬಿಗಿ ಹೆಚ್ಚು. ಉಳಿದ ದಿನ ಮನೆಯಲ್ಲಿ. ಅವನು ಆಫೀಸಿಗೆ ಹೊರಡುವ ಮೊದಲು ಅಪ್ಪನ ಹಿಂದೆ ನಿಂತು, ಬೆನ್ನಿನ ಬಲಭಾಗಕ್ಕೆ ಅಂಗೈ ಒತ್ತಿ ಹಿಡಿದು ಎಣಿಸುತ್ತಿದ್ದ. ಅಡುಗೆಮನೆಯಿಂದ ನನಗೆ ಕಾಣುತ್ತಿತ್ತು. ಅಪ್ಪ ಮಗ ಇಬ್ಬರೂ ಮಾತು ಕಡಿಮೆ. ಪ್ರೀತಿ ತೋರಿಸುವುದಕ್ಕೆ ಕೊನೆಗೂ ಒಂದು ನೆಪ ಸಿಕ್ಕಿತಲ್ಲ ಇವನಿಗೆ ಎಂದುಕೊಂಡಿದ್ದೆ.

ಆಪರೇಷನ್ ಆದ ಐದನೆಯ ತಿಂಗಳಿನ ಒಂದು ಗುರುವಾರ ಅವನು ಬಸ್ಸಿನಲ್ಲಿ ಕೂತ ಹಾಗೆಯೇ ಸತ್ತ. ಕೊನೆಯ ಸ್ಟಾಪಿನಲ್ಲಿ ಕಂಡಕ್ಟರ್ ನಿದ್ದೆಯೆಂದು ಎಬ್ಬಿಸಲು ಹೋದರಂತೆ. ಮೂವತ್ತಮೂರು ವರ್ಷ. ಹೃದಯ ಎಂದರು. ನಮ್ಮ ಮನೆ ಸಾವಿಗೆ ಸಿದ್ಧವಾಗಿಯೇ ಇತ್ತು, ಬೇರೆಯವರ ಸಾವಿಗೆ.

ಅವನನ್ನು ಮನೆಗೆ ತಂದಾಗ ಮುಖದಲ್ಲಿ ಎರಡು ದಿನದ ಗಡ್ಡ. ಮಾವ ಪೆಟ್ಟಿಗೆ ತೆಗೆದು ಹೊಸ ಬ್ಲೇಡು ಹಾಕಿದರು. “ನಾನೇ ಮಾಡ್ತೀನಿ. ಇವನ ಗಡ್ಡ ನಾನಲ್ದೆ ಯಾರೂ ಮುಟ್ಟಿಲ್ಲ,” ಎಂದರು. ಹತ್ತಿರದ ಕೆನ್ನೆ ಆಯಿತು. ಆಚೆಯ ಕೆನ್ನೆಗೆ ಕೈ ಚಾಚಬೇಕು. ಕೈ ಏಳಲಿಲ್ಲ. ಎಡಗೈಯಿಂದ ಬಲಮೊಣಕೈ ಎತ್ತಿ ಹಿಡಿದು ನೋಡಿದರು. ಬ್ಲೇಡು ನಡುಗಿತು. ಚಿಕ್ಕಮಾವ ಬಂದು, “ಕೊಡಣ್ಣ,” ಎಂದು ಅದನ್ನು ಮೆಲ್ಲಗೆ ಬಿಡಿಸಿಕೊಂಡರು.

ನಾನು ನೋಡುತ್ತಿದ್ದೆ. ಅಳು ಬರಲಿಲ್ಲ. ಆಮೇಲೂ ಬರಲಿಲ್ಲ.

ನಾನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದೆ. ರಜೆ ಹಾಕಿದೆ. ಅಮ್ಮ ಫೋನು ಮಾಡಿ, “ಅಲ್ಲೇನಿದೆ ಇನ್ನು, ಬಂದ್ಬಿಡು,” ಎಂದಳು. ಹೌದು, ಏನಿದೆ ಎಂದು ನಾನೂ ಸುತ್ತ ನೋಡಿದೆ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ವ್ಯಾಯಾಮದ ಕಾಗದ ಕಂಡಿತು. ಒಂದು ಗೀಟಿನ ಮನುಷ್ಯ, ಎದುರಿನಿಂದ ಬರೆದದ್ದು. ಕೈಯ ಪಕ್ಕ ಒಂದು ಬಾಣ. ‘ನಿಧಾನವಾಗಿ ಭುಜದ ಮಟ್ಟಕ್ಕೆ. ದಿನಕ್ಕೆ ಎರಡು ಸಲ.’

“ಮಾವನ ವ್ಯಾಯಾಮ ಇದೆಯಮ್ಮ,” ಎಂದೆ.

ಇನ್ನು ನಾನೇ ಎಣಿಸುತ್ತೇನೆ ಎಂದು ಮಾವನಿಗೆ ಹೇಳಿದಾಗ ಅವರು ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು. ಏನೋ ಹೇಳಲಿಕ್ಕಿದೆ ಅನ್ನಿಸಿತು. “ಎಣಿಸಮ್ಮ,” ಎಂದರು, ಅಷ್ಟೆ. ಸೋಮವಾರದ ಆಸ್ಪತ್ರೆಯ ಮಾತನ್ನು ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಅವನು ಕೂತು ಕಾಯುತ್ತಿದ್ದ ಬೆಂಚು ಅಲ್ಲಿರುತ್ತದೆ. ಕಾಗದವಂತೂ ಮನೆಯಲ್ಲೇ ಇತ್ತು.

ನಾನು ಗ್ರಾಫ್ ಹಾಳೆ ತಂದೆ. ಅಡ್ಡಕ್ಕೆ ದಿನಗಳು, ಉದ್ದಕ್ಕೆ ಎಣಿಕೆ. ಹನ್ನೆರಡರಿಂದ ಶುರುವಾದ ಚುಕ್ಕೆಗಳು ಏರಿದವು. ಹದಿನೈದು, ಹದಿನೆಂಟು, ಇಪ್ಪತ್ತನಾಲ್ಕು. ಅಲ್ಲಲ್ಲಿ ಇಳಿದರೂ ಮತ್ತೆ ಏರಿದವು. ದಿನಕ್ಕೆ ಎರಡು ಬಾರಿ ಚುಕ್ಕೆ ಇಟ್ಟು ಹಿಂದಿನ ಚುಕ್ಕೆಗೆ ಗೆರೆ ಸೇರಿಸುತ್ತಿದ್ದೆ. ಮಿಕ್ಕ ಹೊತ್ತು ಏನು ಮಾಡುತ್ತಿದ್ದೆನೋ ನೆನಪಿಲ್ಲ.

ಬೇರೆ ಸಂಗತಿಗಳೂ ಕಣ್ಣಿಗೆ ಬಿದ್ದವು. ಮಾವ ಬಲಮಗ್ಗುಲಿಗೆ ಮಲಗುವುದನ್ನು ಬಿಟ್ಟರು. ಅಂಗಿಯ ಮೇಲಿನ ಗುಂಡಿ ಹಾಕಲು ಮೊದಲಿಗಿಂತ ಹೊತ್ತು ತೆಗೆದುಕೊಂಡರು. ಆಮೇಲೆ ಆ ಗುಂಡಿಯನ್ನೇ ಬಿಟ್ಟರು. ಕೈ ಎತ್ತುವಾಗ ಅವರ ಮೈ ಎಡಕ್ಕೆ ವಾಲುತ್ತಿತ್ತು, ಬಲಭುಜ ಕಿವಿಯ ಹತ್ತಿರ ಹೋಗುತ್ತಿತ್ತು. ಆದರೆ ಗಿರಾಕಿಯ ತಲೆ ಎತ್ತ ತಿರುಗಿದರೆ ಅತ್ತ ವಾಲಿ, ಭುಜ ಏರಿಸಿ ನಿಲ್ಲುವುದನ್ನೇ ನಾನು ಅಂಗಡಿಯಲ್ಲಿ ಕಂಡಿದ್ದೆ. ಅದು ಅವರ ನಿಲುವು ಎಂದುಕೊಂಡೆ. ನೋವಾದರೆ ಹೆದರಬೇಕಾಗಿಲ್ಲ ಎಂದು ಫಿಸಿಯೋ ಹೇಳಿದ್ದನ್ನು ಗಂಡ ಹೇಳಿದ್ದ. ಅದೊಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಗುಂಡಿಗೆ ನನ್ನ ಗ್ರಾಫಿನಲ್ಲಿ ಜಾಗವಿರಲಿಲ್ಲ.

ನಾನು ಎಣಿಸತೊಡಗಿದ ಏಳನೆಯ ತಿಂಗಳಲ್ಲಿ ಎಣಿಕೆ ನಲವತ್ತಕ್ಕೆ ಬಂತು. ಚಿಕ್ಕಮಾವ ಕೊಟ್ಟ ವರ್ಷಕ್ಕೆ ಹತ್ತು ದಿನ ಉಳಿದಿತ್ತು.

“ಹೋಗೋಣ ಮಾವ,” ಎಂದೆ.

“ಹೋಗೋಣ ಅಂತೀಯಾ?”

“ನಲವತ್ತಾಯ್ತಲ್ಲ.”

“ನಲವತ್ತಾಯ್ತು,” ಎಂದರು.

ತಲೆ ಕೊಡುವುದಕ್ಕೆ ಒಬ್ಬರು ಸಿದ್ಧರಿದ್ದರು. ಅಂಚೆಯಣ್ಣ, ಮಾವನ ಗೆಳೆಯ, ಆ ಬೀದಿಗೆ ಮೂವತ್ತು ವರ್ಷ ಟಪಾಲು ಹಂಚಿ ನಿವೃತ್ತರಾದವರು. ಮಾವನ ಕೈ ಸರಿಹೋಗುವವರೆಗೆ ಬೇರೆಯವರಿಗೆ ತಲೆ ಬಗ್ಗಿಸುವುದಿಲ್ಲ ಎಂದು ಹಟ ಹಿಡಿದಿದ್ದರು. ವರ್ಷದ ಕೂದಲು ಕಾಲರ್ ದಾಟಿ ಇಳಿದಿತ್ತು.

ಅಂಗಡಿಗೆ ರಜೆಯ ದಿನ. ಚಿಕ್ಕಮಾವ ಅರ್ಧ ಬಾಗಿಲು ತೆಗೆದಿದ್ದರು. ಮೊದಲ ಕುರ್ಚಿಯ ಧೂಳು ಒರೆಸಿಟ್ಟಿದ್ದರು. ಅಂಚೆಯಣ್ಣ ಕೂತು ಕನ್ನಡಿಯಲ್ಲಿ ತಮ್ಮನ್ನೇ ನೋಡಿಕೊಂಡರು.

“ನೋಡಯ್ಯ ನಿನ್ನ ಕೈಯಿಂದ ನನ್ನ ಗತಿ. ಮನೆಯವಳು ಜಡೆ ಹಾಕ್ಲಾ ಅಂತ ಕೇಳ್ತಾಳೆ.”

“ಹಾಕ್ಸಿಕೋಬೇಕಿತ್ತು. ಜನ ನಿನ್ನ ಮೂಗು ನೋಡೋದಾದ್ರೂ ತಪ್ತಿತ್ತು,” ಎಂದರು ಮಾವ.

“ನಾಲಿಗೆ ಕತ್ತರಿಸಿದ್ರೂ ಬುದ್ಧಿ ಬರ್ಲಿಲ್ಲ ಇವನಿಗೆ. ಡಾಕ್ಟ್ರು ಇನ್ನೊಂದು ಚೂರು ತೆಗೀಬೇಕಿತ್ತು.”

ಎಲ್ಲರೂ ನಕ್ಕರು. ನಾನೂ ನಕ್ಕೆನೇನೋ. ಮಾವ ಅವರ ಕೊರಳಿಗೆ ಬಿಳಿ ಬಟ್ಟೆ ಸುತ್ತಿ, ಬಾಚಣಿಗೆ ಎಡಗೈಗೆ ತೆಗೆದುಕೊಂಡು, ಕತ್ತರಿಯನ್ನು ಗಾಳಿಯಲ್ಲಿ ಎರಡು ಸಲ ಆಡಿಸಿದರು. ಕೆಲಸ ಶುರುಮಾಡುವ ಮೊದಲು ಯಾವಾಗಲೂ ಹಾಗೆ. ಆ ಸದ್ದು ಕೇಳಿ ಚಿಕ್ಕಮಾವ ಮುಖ ಆಚೆ ತಿರುಗಿಸಿದರು.

ಹಿಂಭಾಗ ಆಯಿತು. ಎಡಗಿವಿಯ ಸುತ್ತ ಆಯಿತು. ಕೂದಲು ತುಪ್ಪಳದ ಹಾಗೆ ಉದುರಿತು. ಕೈ ನಡೆಯುತ್ತಿತ್ತು, ಹಳೆಯ ಲಯದಲ್ಲೇ. ನಾನು ಗೋಡೆಯ ಗಡಿಯಾರ ನೋಡಿದೆ. ಒಂಬತ್ತು ನಿಮಿಷ. ಮಾವನ ಹಣೆಯಲ್ಲಿ ಬೆವರು. ಹನ್ನೊಂದು ನಿಮಿಷ. ಮೈ ಎಡಕ್ಕೆ ವಾಲತೊಡಗಿತು. ಬಲಗಡೆಗೆ ಬಂದು ನೆತ್ತಿಗೆ ಕೈ ಎತ್ತಿದರು. ಭುಜ ಏರಿತು, ಕಿವಿಯವರೆಗೂ ಏರಿತು. ಕೈ ಇದ್ದಲ್ಲೇ ಇತ್ತು. ಬಾಚಣಿಗೆ ಕೆಳಗೆ ಬಿತ್ತು. ಎಡಗೈ ಬಲಮೊಣಕೈಯ ಅಡಿಗೆ ಬಂತು. ಹಾಗೆಯೇ ಎತ್ತಿಕೊಂಡು ಇನ್ನೊಂದು ಸಲ ಕತ್ತರಿಸಿದರು, ಇನ್ನೊಂದು ಸಲ. ಮೂರನೆಯದು ಕಿವಿಯ ಮೇಲಂಚಿಗೆ ತಗುಲಿತು.

ಬಿಳಿ ಬಟ್ಟೆಯ ಮೇಲೆ ರಕ್ತ. ನಲವತ್ತೊಂದು ವರ್ಷದಲ್ಲಿ ಒಂದು ತೊಟ್ಟೂ ಇಲ್ಲ ಎಂದು ಅವರು ಹೇಳಿಕೊಳ್ಳುತ್ತಿದ್ದ ರಕ್ತ.

“ಏನಿಲ್ಲ ಬಿಡು,” ಎಂದರು ಅಂಚೆಯಣ್ಣ. “ಇನ್ನೊಂದು ಕಿವಿ ಇದೆ. ನಡೀಲಿ.”

ಮಾವ ಮತ್ತೆ ಎತ್ತಲು ನೋಡಿದರು. ಆಗಲಿಲ್ಲ. ಚಿಕ್ಕಮಾವ ಎದ್ದು ಬಂದು, “ಕೊಡಣ್ಣ,” ಎಂದರು. ಆ ಕೈ ಈ ಕೈಯಿಂದ ತೆಗೆದುಕೊಂಡದ್ದನ್ನು ನಾನು ಎರಡನೆಯ ಸಲ ನೋಡಿದೆ.

ಚಿಕ್ಕಮಾವ ಉಳಿದದ್ದನ್ನು ಮುಗಿಸಲು ಹೋದರೆ ಅಂಚೆಯಣ್ಣ ಬಟ್ಟೆ ಕಿತ್ತು ಎದ್ದುಬಿಟ್ಟರು. “ಅರ್ಧ ಅರ್ಧವೇ ಇರ್ಲಿ. ನನ್ನ ಹತ್ರ ಟೋಪಿ ಇದೆ,” ಎಂದು, ಕಿವಿಗೆ ಕರವಸ್ತ್ರ ಒತ್ತಿಕೊಂಡು ಬೀದಿಗಿಳಿದರು.

“ಒಂದನೇ ತಾರೀಕಿಂದ ಹೊಸಬ ಬರ್ತಾನೆ ಅಣ್ಣ,” ಎಂದರು ಚಿಕ್ಕಮಾವ. ನೆಲ ಗುಡಿಸುತ್ತಾ ಹೇಳಿದರು.

ಸೋಮವಾರ ನಾನು ಮಾವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಬೆಂಚು ಅಲ್ಲೇ ಇತ್ತು. ಬೇರೆ ಯಾರೋ ಕೂತಿದ್ದರು.

ಫಿಸಿಯೋ ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಗಂಡನ ಸುದ್ದಿ ಗೊತ್ತಿತ್ತು. ಆ ಬಗ್ಗೆ ಒಂದೇ ಮಾತು ಹೇಳಿ ನಿಲ್ಲಿಸಿದರು. ಒಳ್ಳೆಯದಾಯಿತು. ನಾನು ಗ್ರಾಫ್ ಹಾಳೆಗಳನ್ನು ಮೇಜಿನ ಮೇಲೆ ಹರಡಿದೆ. ಏಳು ಹಾಳೆ, ತುದಿಗೆ ತುದಿ ಅಂಟಿಸಿದ್ದೆ.

“ಇಷ್ಟು ಅಚ್ಚುಕಟ್ಟಾಗಿ ಯಾರೂ ತಂದಿಲ್ಲ,” ಎಂದರು. ಆಮೇಲೆ ಮಾವನಿಗೆ, “ಅಂಗಿ ತೆಗೀರಿ, ಮನೇಲಿ ಮಾಡೋ ಹಾಗೇ ಮಾಡಿ ತೋರ್ಸಿ,” ಎಂದರು.

ಮಾವ ಪಟ್ಟಿ ಹಿಡಿದು ಎತ್ತಿದರು. ಫಿಸಿಯೋ ಎದುರು ನಿಲ್ಲಲಿಲ್ಲ. ಹಿಂದೆ ಹೋದರು. ಹಿಂದೆ ನಿಂತು, ಬೆನ್ನಿನ ಬಲಭಾಗದ ಮೇಲೆ ಅಂಗೈ ಇಟ್ಟರು. ಇಟ್ಟ ಕೂಡಲೇ, “ನಿಲ್ಸಿ,” ಎಂದರು.

“ಬನ್ನಿ ಇಲ್ಲಿ,” ಎಂದು ನನ್ನನ್ನು ಕರೆದರು. ಏಳು ತಿಂಗಳಲ್ಲಿ ಮೊದಲ ಸಲ ನಾನು ಮಾವನ ಬೆನ್ನು ನೋಡಿದೆ. ಹೆಗಲ ಹಿಂದಿನ ಚಪ್ಪಟೆ ಮೂಳೆ ಎಡಗಡೆ ಬೆನ್ನಿಗೆ ಅಂಟಿಕೊಂಡಿತ್ತು. ಬಲಗಡೆಯದು ಅರೆತೆರೆದ ಕಿಟಕಿಯ ಹಾಗೆ ಹೊರಕ್ಕೆ ಚಾಚಿಕೊಂಡಿತ್ತು.

“ಈ ಮೂಳೆ ಜಾಗದಲ್ಲಿ ನಿಂತ್ರೆ ಮಾತ್ರ ಕೈ ಎತ್ತೋದು ವ್ಯಾಯಾಮ. ಅದಕ್ಕೇ ಇಲ್ಲಿ ಅಂಗೈ ಒತ್ತಿ ಹಿಡೀಬೇಕು. ಮೂಳೆ ಜಾರಿದ್ದು ಕೈಗೆ ಗೊತ್ತಾದ ತಕ್ಷಣ ನಿಲ್ಸಬೇಕು. ಹಾಗೆ ಮಾಡಿದ್ರೆ ಹತ್ತೂ ದೊಡ್ಡದು. ಇವರು ಭುಜ ಏರಿಸಿ, ಮೈ ವಾಲಿಸಿ ಕೈಯನ್ನ ಭುಜದ ಮಟ್ಟಕ್ಕೆ ತರ್ತಿದಾರೆ. ಕುತ್ತಿಗೆ ಎಳ್ಕೊಂಡಿದೆ. ಕೀಲು ಬಿಗಿದುಹೋಗಿದೆ.” ಪಟ್ಟಿಯನ್ನು ಮಾವನ ಕೈಯಿಂದ ಬಿಡಿಸುತ್ತಾ, “ನಿಮ್ಮ ಮನೆಯವರಿಗೆ ಹೇಳಿಕೊಟ್ಟಿದ್ದೆ. ಚೆನ್ನಾಗಿ ಹಿಡೀತಿದ್ರು,” ಎಂದರು.

ಆ ಅಂಗೈ. ಅಡುಗೆಮನೆಯಿಂದ ನಾನು ನೋಡುತ್ತಿದ್ದ ಅಂಗೈ.

“ನನ್ನಿಂದಾನಾ ಹೀಗಾದದ್ದು?”

“ನರ ಹೋದದ್ದು ನಿಮ್ಮಿಂದ ಅಲ್ಲ,” ಎಂದರು. “ಏಳು ತಿಂಗಳು...” ಎಂದು ನಿಲ್ಲಿಸಿ, ಕಪಾಟಿನಿಂದ ಹಳದಿ ಪಟ್ಟಿ ತೆಗೆದರು. “ಮೊದಲಿಂದ ಶುರು ಮಾಡೋಣ. ಎದೆ ಮಟ್ಟಕ್ಕೆ ಬರಬಹುದು. ನೋವು ಇಳೀಬಹುದು. ತಲೆ ತಾವೇ ಬಾಚಿಕೊಳ್ಳೋ ಹಾಗಾದ್ರೆ ನನಗೆ ಸಂತೋಷ.”

“ಬೇರೆಯವರ ತಲೆ?” ಎಂದು ಮಾವ ಕೇಳಿದರು.

ಅವರು ಮಾವನ ಅಂಗಿಯನ್ನು ಎತ್ತಿ ಕೊಟ್ಟರು. “ಇಲ್ಲ ಅನ್ಸುತ್ತೆ.”

ಬಸ್ಸಿನಲ್ಲಿ ಅಕ್ಕಪಕ್ಕ ಕೂತೆವು. ನಡುವೆ ಚೀಲ ಇಟ್ಟುಕೊಂಡಿದ್ದೆ. ಎರಡು ಸ್ಟಾಪು ಹೋದ ಮೇಲೆ ಕೇಳಿದೆ.

“ನಿಮಗೆ ಗೊತ್ತಿತ್ತು ಅಲ್ವಾ ಮಾವ. ಕೈ ಇಡ್ಬೇಕು ಅಂತ.”

“ಗೊತ್ತಿತ್ತು.”

“ಮತ್ತೆ ಹೇಳೋದಲ್ವಾ?”

“ಹೇಗಮ್ಮ ಹೇಳ್ಲಿ?” ಕಿಟಕಿಯಾಚೆ ನೋಡುತ್ತಾ ಹೇಳಿದರು. “ಮದುವೆಯಾಗಿ ಬಂದು ಆರು ವರ್ಷ, ಲೋಟ ಕೊಡೋವಾಗ್ಲೂ ನೀನು ಮೇಜಿನ ಮೇಲಿಟ್ಟು ಸರಿದು ನಿಲ್ತೀಯ. ನನಗೂ ಅದೇ ಅಭ್ಯಾಸ. ಮಗ ಹೋಗಿ ಮೂರು ವಾರ ಆಗಿಲ್ಲ, ಸೊಸೆ ಹತ್ರ ಬೆನ್ನ ಮೇಲೆ ಕೈ ಇಡು ಅಂತ ಕೇಳ್ಲಾ?”

“ವಾಲ್ತಿದೀನಿ ಅಂತನಾದ್ರೂ ನಿಮಗೆ ಗೊತ್ತಾಗ್ತಿತ್ತಲ್ಲ. ಕಡಿಮೆ ಮಾಡಬಹುದಿತ್ತು.”

“ಒಂದಿನ ಹದಿನಾರರಿಂದ ಹನ್ನೊಂದಕ್ಕೆ ಇಳಿಸಿದ್ದೆ. ನೆನಪಿದೆಯಾ? ನೀನು ಚುಕ್ಕೆ ಇಟ್ಟು ಕೂತವಳು ಮಧ್ಯಾಹ್ನದವರೆಗೂ ಎದ್ದಿಲ್ಲ. ಊಟಕ್ಕೂ ಎದ್ದಿಲ್ಲ. ಗೆರೆ ಮೇಲಕ್ಕೆ ಹೋದ ದಿನ ಮಾತ್ರ ನೀನು ಅಡುಗೆ ಮಾಡ್ತಿದ್ದೆ, ಸ್ನಾನ ಮಾಡ್ತಿದ್ದೆ.” ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡರು. “ಎತ್ತಿದೆ.”

ನನಗೆ ಆ ಹನ್ನೊಂದು ನೆನಪಿತ್ತು. ಕೂತದ್ದು ನೆನಪಿರಲಿಲ್ಲ.

ಒಂದನೇ ತಾರೀಕು ಹೊಸಬ ಬಂದ. ಮಾವ ಬೆಳಿಗ್ಗೆಯೇ ಅಂಗಡಿಗೆ ಹೋಗಿ ತಮ್ಮ ಕತ್ತರಿಗಳನ್ನು ಬಟ್ಟೆಯಲ್ಲಿ ಸುತ್ತಿ ತಂದರು. ಕುರ್ಚಿಯ ತಿರುಪು ಎಡಕ್ಕೆ ಸ್ವಲ್ಪ ಸಡಿಲ, ಎಣ್ಣೆ ಬಿಡು ಎಂದು ಅವನಿಗೆ ಹೇಳಿ ಬಂದರಂತೆ. ಅಂಚೆಯಣ್ಣ ಇನ್ನೂ ಟೋಪಿಯಲ್ಲೇ ಓಡಾಡುತ್ತಾರೆ. ಗಾಯ ಮಾದಿದೆ.

ಮರುದಿನ ಆರೂವರೆಗೆ ಮಾವ ಕಿಟಕಿಯ ಪಕ್ಕ ಬಂದು ನಿಂತರು. ಬರಲಾರರು ಎಂದುಕೊಂಡಿದ್ದೆ. ಸರಳಿಗೆ ಹಳದಿ ಪಟ್ಟಿ ಕಟ್ಟಿದ್ದೆ. ಗೋಡೆಯ ಗೆರೆಯನ್ನು ಅಳಿಸಬೇಕೆಂದಿದ್ದೆ, ಅಳಿಸಲಿಲ್ಲ. ಅದು ಅವನು ಎಳೆದದ್ದು. ಮೊಳದಷ್ಟು ಕೆಳಗೆ ಇನ್ನೊಂದು ಎಳೆದೆ.

ಮೇಜು ಸುತ್ತಿ ಬಂದು ಅವರ ಹಿಂದೆ ನಿಂತೆ. ತೆಳು ಬನಿಯನ್. ಕುತ್ತಿಗೆಯಿಂದ ಇಳಿದ ಗಾಯದ ಗುರುತಿನ ತುದಿ ಹಿಂದಿನಿಂದಲೂ ಕಾಣುತ್ತಿತ್ತು. ಅಂಗೈ ಇಟ್ಟೆ. ಅವರ ಬೆನ್ನು ಬಿಗಿಯಾಯಿತು. ಸ್ವಲ್ಪ ಹೊತ್ತಾದ ಮೇಲೆ ಸಡಿಲವಾಯಿತು. ಬೆಚ್ಚಗಿತ್ತು. ನಾನು ಯಾರನ್ನೂ ಮುಟ್ಟದೆ ಏಳು ತಿಂಗಳಾಗಿತ್ತು.

“ಒಂದು,” ಎಂದೆ.

ಕೈ ಎದ್ದಿತು. ಅಂಗೈಯಡಿ ಮೂಳೆ ನಡುಗಿತು. ಒತ್ತಿ ಹಿಡಿದೆ. ನಿಂತಿತು.

“ಎರಡು.”

ಅವರ ಉಸಿರು ಕೇಳಿಸುತ್ತಿತ್ತು.

“ಮೂರು.”

ನಾಲ್ಕನೆಯ ಸಲ ಕೈ ಹೊಸ ಗೆರೆಯನ್ನು ದಾಟಿ ಮೇಲೆ ಹೋಯಿತು, ಹಳೆಯ ಗೆರೆಯ ಕಡೆಗೆ. ಅಂಗೈಯಡಿ ಮೂಳೆ ಜಾರಿತು.

“ಇದು ಲೆಕ್ಕಕ್ಕಿಲ್ಲ ಮಾವ,” ಎಂದೆ.

“ಗೊತ್ತಮ್ಮ,” ಎಂದರು. ಕೈ ಇಳಿಸಿದರು.

ಹೊಸ ಹಾಳೆಯಲ್ಲಿ ಮೂರರ ಎದುರು ಚುಕ್ಕೆ ಇಟ್ಟೆ. ಆಮೇಲೆ ಎದ್ದು ಒಲೆ ಹಚ್ಚಿದೆ.